ಎಳೆಯಿಂದ ಶುರು: ಆನಿ ಆಲ್ಬರ್ಸ್ ನೇಯ್ದದ್ದು, ಕಲಿಸಿದ್ದು

(ಕೈಮಗ್ಗ ಮತ್ತು ವಸ್ತ್ರವಿನ್ಯಾಸ ಕಲಿಯುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಪ್ಪತ್ತನೇ ಶತಮಾನದ ನೇಕಾರರೂ ಮೇಷ್ಟ್ರೂ ಆದ ಆನಿ ಆಲ್ಬರ್ಸ್ ಅವರನ್ನು ನೆನೆಯುವ ಮಾತುಗಳು ಸಾಮಾನ್ಯವಾಗಿ ಎರಡೇ ಜಾಗದಿಂದ ಹೊರಡುತ್ತವೆ. ಜರ್ಮನಿಯ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ನೇಯ್ಗೆಯ ಕಡೆಗೆ ತಳ್ಳುತ್ತಿದ್ದರು, ಇವರೂ ಮನಸ್ಸಿಲ್ಲದೆ ಮಗ್ಗಕ್ಕೆ ಬಂದರು ಎನ್ನುವುದು ಒಂದು. ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ ಹೆಂಡತಿ ಎನ್ನುವುದು ಇನ್ನೊಂದು. ಎರಡೂ ನಿಜವೇ. ಆದರೆ ಇವೆರಡನ್ನು ಕೇಳಿದವರಿಗೆ ಅವರ ಬಟ್ಟೆಯ ಒಂದು ಎಳೆಯೂ ಕಣ್ಣಿಗೆ ಕಟ್ಟುವುದಿಲ್ಲ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರಿಗೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ), ಲಾಳಿ (ಹೊಕ್ಕನ್ನು ದಾಟಿಸುವ ಸಾಧನ), ಹಣಿಗೆ (ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದು ಹೊಕ್ಕನ್ನು ಬಡಿಯುವ ಬಾಚಣಿಗೆ) ಎಂದರೆ ಏನೆಂದು ಗೊತ್ತು. ಹಾಗಾಗಿ ಬಟ್ಟೆಯಿಂದಲೇ ಹೊರಡೋಣ.

ಬರ್ಲಿನ್ ಹತ್ತಿರದ ಬೆರ್ನಾವ್‌ನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ತರಬೇತಿ ಶಾಲೆ ಕಟ್ಟಿಸಿತು. ವಾಸ್ತುಶಿಲ್ಪಿ ಹಾನ್ನೆಸ್ ಮೇಯರ್. ಅದರ ಸಭಾಂಗಣದಲ್ಲಿ ಮಾತು ಗೋಡೆಗೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತಿತ್ತು. ಸದ್ದು ಹೀರಬೇಕೆಂದರೆ ಗೋಡೆಗೆ ಮಖಮಲ್ಲಿನಂಥ ನವಿರುಳ್ಳ ಬಟ್ಟೆ ಹೊದಿಸುವುದು ಆಗಿನ ರೂಢಿ. ಅದರಲ್ಲಿ ಎರಡು ತೊಡಕು. ಕೈ ತಾಗಿದಲ್ಲೆಲ್ಲ ಕೊಳೆ ಹಿಡಿಯುತ್ತದೆ. ಕೊಳೆ ಕಾಣಬಾರದೆಂದು ಕಡುಬಣ್ಣ ಹಾಕಿದರೆ ಕೋಣೆ ಕತ್ತಲಾಗುತ್ತದೆ. ಆನಿ ಮಾಡಿದ್ದೇನೆಂದರೆ, ಸದ್ದು ಹೀರುವ ನವಿರನ್ನು ಬಟ್ಟೆಯ ಹಿಂಬದಿಗೆ ಕಳಿಸಿದರು. ಹಿಂಬದಿಗೆ ಶೆನೀಲ್, ಎಂದರೆ ಕಂಬಳಿಹುಳುವಿನ ಮೈಯಂತೆ ಸುತ್ತಲೂ ನವಿರು ಎದ್ದ ನೂಲು. ಮುಂಬದಿಗೆ ಸೆಲೊಫೇನ್ ಎಂಬ ಪಾರದರ್ಶಕ ಹಾಳೆಯ ಪಟ್ಟಿ. ಬೆಳಕು ಸೆಲೊಫೇನಿಗೆ ಬಿದ್ದು ಕೋಣೆಗೇ ಹಿಂತಿರುಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೊಳೆ ಹೋಗುತ್ತದೆ, ಸದ್ದು ಎಳೆಗಳ ಸಂದಿನಿಂದ ಒಳಹೊಕ್ಕು ಹಿಂದಿನ ನವಿರಲ್ಲಿ ಅಡಗುತ್ತದೆ. ಮೊದಲ ಪ್ರಯೋಗಕ್ಕೆ ಬೇಕಾದ ಸೆಲೊಫೇನ್ ಎಳೆ ಅವರಿಗೆ ಸಿಕ್ಕಿದ್ದು ಇಟಲಿಯಲ್ಲಿ ಕೊಂಡಿದ್ದ ಒಂದು ಕ್ರೋಶಾ ಟೋಪಿಯನ್ನು ಬಿಚ್ಚಿದಾಗ. ಬಟ್ಟೆ ಎಷ್ಟು ಬೆಳಕನ್ನು ಹಿಂತಿರುಗಿಸುತ್ತದೆ ಎಂದು ಕ್ಯಾಮೆರಾ ತಯಾರಿಸುವ ಜೈಸ್ ಇಕಾನ್ ಕಂಪನಿ ಪರೀಕ್ಷೆ ಮಾಡಿತು. 1930ರಲ್ಲಿ ಬೌಹೌಸ್ ಅವರಿಗೆ ಡಿಪ್ಲೊಮಾ ಕೊಟ್ಟದ್ದು ಈ ಕೆಲಸಕ್ಕೆ.

ಸೆಲೊಫೇನ್ ನೇಯಲು ಹೋಗುವವರಿಗೆ ಒಂದು ಎಚ್ಚರಿಕೆ. ಅದನ್ನು ಹಾಸಿನ ಎಳೆಯಾಗಿ ಹಾಕಬೇಡಿ. ಅಂಚಿನಲ್ಲಿ ಸಣ್ಣ ಗೀರು ಬಿದ್ದರೂ ಸಾಕು, ಎಳೆತಕ್ಕೆ ಅಲ್ಲಿಂದಲೇ ಸೀಳುತ್ತದೆ. ತೇವ ಕುಡಿದರೆ ಸಡಿಲಾಗುತ್ತದೆ, ಒಣಗಿದರೆ ಗರಿಗರಿಯಾಗಿ ಮುರಿಯುತ್ತದೆ. ಹೊಕ್ಕಿಗೆ ಬಳಸುವಾಗಲೂ ಕಂಡಿಕೆಗೆ, ಎಂದರೆ ಲಾಳಿಯೊಳಗೆ ನೂಲು ಸುತ್ತಿಡುವ ಕಡ್ಡಿಗೆ, ತಿರುಚಿಕೊಳ್ಳದಂತೆ ಮಟ್ಟಸವಾಗಿ ಸುತ್ತಬೇಕು. ತಿರುಚಿಕೊಂಡ ಪಟ್ಟಿ ಬಟ್ಟೆಯಲ್ಲಿ ದಾರದಂತೆ ಕೂರುತ್ತದೆ, ಹೊಳಪು ಅರ್ಧಕ್ಕರ್ಧ ಕಳೆದುಹೋಗುತ್ತದೆ. ಅದಕ್ಕೆ ಜಿಗುಟುತನವೂ ಇಲ್ಲ. ಒಂದು ಪಟ್ಟಿ ಹೊಡೆದ ಮೇಲೆ ಒಂದು ಹತ್ತಿ ಎಳೆ ಹೊಡೆದರೆ ಮಾತ್ರ ಜಾರದೆ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅವರ ಇಡೀ ಬಾಳಿನ ಅತ್ಯುತ್ತಮ ಕೆಲಸ ಈ ಬೆರ್ನಾವ್ ಬಟ್ಟೆಯೇ. ವಸ್ತುಸಂಗ್ರಹಾಲಯಗಳು ಚೌಕಟ್ಟು ಹಾಕಿ ತೂಗುಹಾಕುವ ಚಿತ್ರನೇಯ್ಗೆಗಳನ್ನು ಅದಕ್ಕಿಂತ ಮೇಲೆ ಇಡುತ್ತವೆ, ಇಡಲಿ.

ಬದುಕಿನ ವಿವರ ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1899ರ ಜೂನ್ 12, ಬರ್ಲಿನ್. ಹುಟ್ಟುಹೆಸರು ಆನೆಲೀಸ್ ಫ್ಲೈಷ್‌ಮನ್. ತಂದೆಯದು ಪೀಠೋಪಕರಣದ ಉದ್ಯಮ, ತಾಯಿ ಉಲ್‌ಷ್ಟೈನ್ ಎಂಬ ದೊಡ್ಡ ಪ್ರಕಾಶನದ ಮನೆತನದವರು. ವಂಶ ಯಹೂದಿಯದು, ದೀಕ್ಷೆ ಪ್ರಾಟೆಸ್ಟಂಟ್ ಚರ್ಚಿನಲ್ಲಿ. 1922ರಲ್ಲಿ ವೈಮಾರ್‌ನಲ್ಲಿದ್ದ ಬೌಹೌಸ್ ಸೇರಿದರು. 1925ರಲ್ಲಿ ಜೋಸೆಫ್ ಜೊತೆ ಮದುವೆ, ಅದೇ ವರ್ಷ ಶಾಲೆ ಡೆಸ್ಸೌಗೆ ಬಂತು. ನೇಯ್ಗೆ ವಿಭಾಗವನ್ನು ಕಟ್ಟಿ ಬೆಳೆಸಿದ ಗುಂಟಾ ಷ್ಟೋಲ್ಟ್ಸಲ್ 1931ರಲ್ಲಿ ಹೊರನಡೆದಾಗ ಅದರ ಹೊಣೆಯನ್ನು ಕೆಲಕಾಲ ಆನಿ ಹೊತ್ತರು. 1933ರಲ್ಲಿ ನಾಜಿ ಒತ್ತಡಕ್ಕೆ ಶಾಲೆ ಮುಚ್ಚಿತು. ಆ ನವೆಂಬರಿನಲ್ಲಿ ಗಂಡಹೆಂಡತಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಬಂದು ಇಳಿದರು. 1949ರವರೆಗೆ ಪಾಠ ಅಲ್ಲೇ.

ಕಾಲೇಜಿನ ಪಾಠಕ್ಕೆ ಹೋಗುವ ಮುನ್ನ 1920ರ ದಶಕದ ಗೋಡೆಬಟ್ಟೆಗಳ ತಾಂತ್ರಿಕ ಗುಟ್ಟನ್ನು ಬಿಡಿಸಬೇಕು, ಏಕೆಂದರೆ ಮುಂದೆ ಅವರು ಕಲಿಸಿದ್ದಕ್ಕೆಲ್ಲ ತಳಪಾಯ ಅದು. 1926ರಲ್ಲಿ ಅವರು ನೇಯ್ದ ಪಟ್ಟೆಚೌಕಗಳ ಗೋಡೆಬಟ್ಟೆಗಳಲ್ಲಿ ಕಪ್ಪು ಎಂದರೆ ಅಚ್ಚ ಕಪ್ಪು, ಬಿಳಿ ಎಂದರೆ ಅಚ್ಚ ಬಿಳಿ. ಒಂದೇ ಪದರದ ಸಾದಾ ನೇಯ್ಗೆಯಲ್ಲಿ ಇದು ಆಗದು. ಕಪ್ಪು ಹಾಸಿನ ಮೇಲೆ ಬಿಳಿ ಹೊಕ್ಕು ಬಿದ್ದರೆ ಬೂದು ಕಾಣುತ್ತದೆ. ದಾರಿ ಏನು? ಒಂದರಡಿ ಒಂದರಂತೆ ಹಲವು ಪದರಗಳನ್ನು ಒಟ್ಟಿಗೆ ನೇಯುವುದು. ಕಪ್ಪು ಹಾಸಿಗೆ ಕಪ್ಪು ಹೊಕ್ಕು ಮಾತ್ರ, ಬಿಳಿಗೆ ಬಿಳಿ, ಹಳದಿಗೆ ಹಳದಿ. ಬೇಕಾದಲ್ಲಿ ಬೇಕಾದ ಪದರವನ್ನು ಮೇಲಕ್ಕೆ ತರುವುದು.

ಮೂರು ಪದರದ ಲೆಕ್ಕ ಹೀಗೆ. ಒಂದು ಪದರದ ಸಾದಾ ನೇಯ್ಗೆಗೆ ಕನಿಷ್ಠ 2 ಶಾಫ್ಟ್, ಅಂದರೆ ಹಾಸಿನ ಎಳೆ ಎತ್ತುವ ಕುಣಿಕೆಗಳ ಎರಡು ಚೌಕಟ್ಟು ಬೇಕು. ಮೂರಕ್ಕೆ 6. ಮೇಲ್ಪದರದ ಎಳೆಗಳು 1, 2ರಲ್ಲಿ, ನಡುವಿನವು 3, 4ರಲ್ಲಿ, ಕೆಳಗಿನವು 5, 6ರಲ್ಲಿ. ಮೇಲ್ಪದರಕ್ಕೆ ಹೊಕ್ಕು ಹೊಡೆಯುವಾಗ 1 ಮಾತ್ರ ಎತ್ತಿ. ನಡುವಿನ ಪದರಕ್ಕೆ ಮೇಲ್ಪದರ ಪೂರ್ತಿ ದಾರಿ ಬಿಡಬೇಕು, ಆದ್ದರಿಂದ 1, 2, 3 ಎತ್ತಿ. ಕೆಳಗಿನದಕ್ಕೆ 1, 2, 3, 4, 5. ಮರುಸುತ್ತಿನಲ್ಲಿ ಮೊದಲು 2, ಆಮೇಲೆ 1, 2, 4, ಕೊನೆಗೆ 1, 2, 3, 4, 6. ಆರು ಹೊಕ್ಕಿಗೆ ಒಂದು ಆವರ್ತ, ಕೈಯಲ್ಲಿ ಮೂರು ಲಾಳಿ. ಇದೇ ಬಟ್ಟೆಯ ಅಡ್ಡಗಲದಲ್ಲಿ ಎರಡು ಭಾಗಗಳ ಬಣ್ಣ ಸ್ವತಂತ್ರವಾಗಿ ಅದಲುಬದಲಾಗಬೇಕೆಂದರೆ ಶಾಫ್ಟು 12 ಬೇಕು. ಒಂದು ಪದರಕ್ಕೆ ಸೆಂಟಿಮೀಟರಿಗೆ 10 ಎಳೆ ಎಂದಿಟ್ಟುಕೊಂಡರೆ ಹಣಿಗೆಯಲ್ಲಿ ಸೆಂಟಿಮೀಟರಿಗೆ 30 ಎಳೆ ಕೂರಬೇಕು. ಅಷ್ಟು ದಟ್ಟಣೆಯಲ್ಲಿ ಒರಟು ಹತ್ತಿ ನೂಲು ಒಂದಕ್ಕೊಂದು ಉಜ್ಜಿ ನವಿರೆದ್ದು ಅಂಟಿಕೊಳ್ಳುತ್ತದೆ. ರೇಷ್ಮೆ, ಮರ್ಸರೈಸ್ ಮಾಡಿದ, ಎಂದರೆ ಕ್ಷಾರದಲ್ಲಿ ಹದಮಾಡಿ ಹೊಳಪು ತಂದ, ಹತ್ತಿಯಂಥ ನುಣುಪು ನೂಲು ಇಲ್ಲಿ ಅಂದಕ್ಕಷ್ಟೇ ಬೇಕಾದದ್ದಲ್ಲ.

ತಪ್ಪು ಎಲ್ಲಿ ಆಗುತ್ತದೆ? ಕೆಳಪದರದ ಹೊಕ್ಕು ಹೊಡೆಯುವಾಗ 4ನ್ನು ಎತ್ತಲು ಮರೆತರೆ ನಡುಪದರದ ಅರ್ಧ ಎಳೆಗಳು ಕೆಳಪದರಕ್ಕೆ ಹೊಲಿದಂತೆ ಸೇರಿಬಿಡುತ್ತವೆ. ಮೇಲಿನಿಂದ ಅದು ಕಾಣುವುದಿಲ್ಲ. ಬಟ್ಟೆ ಮಗ್ಗದಿಂದ ಇಳಿದ ಮೇಲೆ, ಆ ಸಾಲಿನಲ್ಲಿ ಬಟ್ಟೆ ಹಿಡಿದುಕೊಂಡಂತೆ ಬಿಗಿಯಾಗಿದೆ ಎಂದು ಬೆರಳಿಗೆ ತಿಳಿಯುತ್ತದೆ, ಆಗ ತಿದ್ದಲು ಬರುವುದಿಲ್ಲ. ಪ್ರತಿ ಆವರ್ತ ಮುಗಿದ ಮೇಲೆ ಬದಿಯಿಂದ ಒಂದು ತೆಳು ಪಟ್ಟಿಯನ್ನು ಪದರಗಳ ನಡುವೆ ಜಾರಿಸಿ ನೋಡುವುದು, ಕೆಳಗೆ ಕೈಗನ್ನಡಿ ಹಿಡಿಯುವುದು, ಎರಡೂ ಅಭ್ಯಾಸ ಮಾಡಿಕೊಳ್ಳಬೇಕು. ಲಾಳಿಗಳು ಬದಿಯಲ್ಲಿ ಒಂದನ್ನೊಂದು ಸುತ್ತಿಕೊಂಡರೆ ಪದರಗಳ ಅಂಚುಗಳು ಕೂಡಿಕೊಳ್ಳುತ್ತವೆ. ಬೇಕೆಂದೇ ಕೂಡಿಸುವುದು ಬೇರೆ, ಅರಿವಿಲ್ಲದೆ ಆಗುವುದು ಬೇರೆ. ಲಾಳಿ ಇಡುವ ಸರದಿಯನ್ನು ಎಂದೂ ಬದಲಿಸಬಾರದು. ಆ ಕಾಲದ ಕೆಲವು ಗೋಡೆಬಟ್ಟೆಗಳು ಕಳೆದುಹೋದವು. 1960ರ ದಶಕದಲ್ಲಿ ಷ್ಟೋಲ್ಟ್ಸಲ್ ಅವರೇ ಅವನ್ನು ಮತ್ತೆ ನೇಯ್ದರು. ಬಟ್ಟೆಯ ಕಟ್ಟು ಇಷ್ಟು ನಿಖರವಾಗಿದ್ದದ್ದರಿಂದಲೇ ಅದು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

ಈಗ ಮೇಷ್ಟ್ರಿಕೆಗೆ ಬರೋಣ. ಬ್ಲ್ಯಾಕ್ ಮೌಂಟನ್ ಕಾಲೇಜು 1933ರಲ್ಲಿ ಶುರುವಾಗಿ 1957ರಲ್ಲಿ ಮುಚ್ಚಿಹೋದ ಸಣ್ಣ ಸಂಸ್ಥೆ, ಹಣಕ್ಕೆ ಸದಾ ತತ್ವಾರ. ಅಲ್ಲಿ ಆನಿ ಅನುಸರಿಸಿದ ಕ್ರಮವನ್ನು ಗಮನಿಸಿ. ಅಚ್ಚುಕಟ್ಟಾದ ಕಾಲ್ಮೆಟ್ಟಿನ ಮಗ್ಗ, ನಾಲ್ಕು ಶಾಫ್ಟು, ಗ್ರಾಫ್ ಹಾಳೆಯಲ್ಲಿ ನೇಯ್ಗೆಯ ನಕ್ಷೆ, ಇವು ಕೊನೆಗೆ. ಮೊದಲ ಪಾಠದಲ್ಲಿ ಮಗ್ಗವೇ ಇಲ್ಲ. ಏನೂ ಇಲ್ಲದ ಪೆರುವಿನ ಕಡಲ ತಡಿಯ ಮರಳುಗಾಡಿನಲ್ಲಿ ನೀವಿದ್ದೀರಿ, ಮೈಗೆ ಹೊದೆಯಲು, ನೆರಳಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಅಲ್ಲಿಂದ ಒಂದೊಂದು ಹೆಜ್ಜೆಗೂ ಬೇಕಾದ ಉಪಕರಣವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಬೇಕು.

ಇನ್ನೊಂದು ಸಾಲು ಅಭ್ಯಾಸಗಳು ಕೈಯ ಸ್ಪರ್ಶವನ್ನು ಎಬ್ಬಿಸಲು. ಮುಸುಕಿನ ಜೋಳದ ಕಾಳುಗಳನ್ನು ಜೋಡಿಸಿ ಬಟ್ಟೆಯಂತೆ ಕಾಣುವ ಮೇಲ್ಮೈ ಮಾಡುವುದು. ಕಾಗದವನ್ನು ಸೂಜಿಯಿಂದ ಚುಚ್ಚಿ, ಚುಚ್ಚಿದ ಅಂಚು ಮೇಲೇಳುವ ಕಡೆಯನ್ನೂ ನುಣುಪಾಗಿ ಉಳಿಯುವ ಕಡೆಯನ್ನೂ ಬದಲಿಸುತ್ತ ಉಬ್ಬುತಗ್ಗು ತರುವುದು. ಟೈಪ್‌ರೈಟರಿನಲ್ಲಿ ಒಂದೇ ಒಂದು ಅಕ್ಷರವನ್ನೋ ಚುಕ್ಕಿಯನ್ನೋ ಸಾಲುಸಾಲಾಗಿ ಹೊಡೆದು, ಸಾಲಿನ ಅಂತರ ಬದಲಿಸಿ, ಹಾಳೆ ತಿರುಗಿಸಿ ಮತ್ತೆ ಹೊಡೆದು ಮೈವಳಿಕೆ ಹುಟ್ಟಿಸುವುದು. ಇವು ಆಟದಂತೆ ಕಂಡರೂ ಕೆಲಸ ಗಟ್ಟಿ. ಹೊಸಬರು ನೂಲು ಕೈಗೆ ಬಂದ ಕೂಡಲೇ ಬಣ್ಣದತ್ತ ಓಡುತ್ತಾರೆ, ಒರಟು, ನುಣುಪು, ಹೊಳಪು, ಮಬ್ಬು ಎಂಬವನ್ನು ಮರೆಯುತ್ತಾರೆ. ಟೈಪ್‌ರೈಟರಿನಲ್ಲಿ ಬಣ್ಣವೇ ಇಲ್ಲದ್ದರಿಂದ ಮೇಲ್ಮೈಯೊಂದೇ ಉಳಿಯುತ್ತದೆ. ಇವತ್ತು ಕಂಪ್ಯೂಟರಿನಲ್ಲಿ ಇದನ್ನು ಮಾಡಿಸುವವರಿದ್ದಾರೆ. ಸಾಲು ಅಚ್ಚಾಗುವಾಗ ರಿಬ್ಬನ್ನಿನ ಒತ್ತಡ ಹೆಚ್ಚುಕಡಿಮೆಯಾಗಿ ಬರುವ ಏರಿಳಿತ ಅದರಲ್ಲಿ ಸಿಗುವುದಿಲ್ಲ.

ಆಮೇಲೆ ಸೊಂಟಕ್ಕೆ ಕಟ್ಟಿ ನೇಯುವ ಮಗ್ಗ. ಆಂಡಿಸ್‌ನ ನೇಕಾರರದೂ ಮೆಕ್ಸಿಕೊದವರದೂ ಇದೇ. ನಮ್ಮ ದೇಶದ ಈಶಾನ್ಯದಲ್ಲಿ ಇಂದಿಗೂ ಮನೆಮನೆಯಲ್ಲಿದೆ. ನೇಯುವವರ ಮೈಯೇ ಮಗ್ಗದ ಒಂದು ಭಾಗ: ಹಿಂದಕ್ಕೆ ಒರಗಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಕಾಲ್ಮೆಟ್ಟಿನ ಮಗ್ಗದಲ್ಲಿ ಯಂತ್ರ ನೋಡಿಕೊಳ್ಳುವ ಬಿಗಿತವನ್ನು ಇಲ್ಲಿ ಬೆನ್ನು ಕಲಿಯುತ್ತದೆ. ಆನಿ ಇದನ್ನು ಮೊದಲು ಕೊಟ್ಟದ್ದು ಯಾಕೆಂದು ಒಮ್ಮೆ ಕೂತು ನೇಯ್ದವರಿಗೆ ಬೇರೆ ವಿವರಣೆ ಬೇಡ. ಪುಸ್ತಕ ಓದಿದವರಿಗೆ ಹಾಸಿನ ಬಿಗಿತ ಒಂದು ವಿಷಯ, ಅಷ್ಟೇ.

ಅವರ ಗುರುಗಳು ಯಾರು? ಬೌಹೌಸ್‌ನಲ್ಲಿ ಪಾಲ್ ಕ್ಲೀ ನೇಯ್ಗೆಯವರಿಗೆ ರೂಪದ ಪಾಠ ಮಾಡಿದ್ದರು, ಅವರನ್ನು ಆನಿ ಕೊನೆವರೆಗೂ ಗೌರವಿಸಿದರು. ಆದರೆ 1965ರಲ್ಲಿ ಬಂದ ತಮ್ಮ ನೇಯ್ಗೆಯ ಗ್ರಂಥವನ್ನು ಅರ್ಪಿಸಿದ್ದು ಪ್ರಾಚೀನ ಪೆರುವಿನ ನೇಕಾರರಿಗೆ. 1935ರಿಂದ ದಂಪತಿ ಹತ್ತಕ್ಕೂ ಹೆಚ್ಚು ಬಾರಿ ಮೆಕ್ಸಿಕೊಗೆ ಹೋದರು, 1953ರಲ್ಲಿ ಪೆರು, ಚಿಲಿಗೂ. ಹಳೆಯ ಬಟ್ಟೆತುಂಡುಗಳನ್ನು ಕೂಡಿಟ್ಟು, ಎಳೆ ಎಣಿಸಿ, ಕಟ್ಟು ಬಿಡಿಸಿ ಪಾಠಕ್ಕೆ ಬಳಸಿದರು. ಪೆರುವಿನವರು ಹಾಸನ್ನೂ ತುಂಡುತುಂಡಾಗಿ ಹಾಕಿ ಒಂದಕ್ಕೊಂದು ಕುಣಿಕೆಯಿಂದ ಬೆಸೆಯುತ್ತಿದ್ದರು. ಇಳಕಲ್ಲಿನ ಸೀರೆಯಲ್ಲಿ ಸೆರಗಿನ ರೇಷ್ಮೆ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಸೇರಿಸುವುದನ್ನು ನೋಡಿದವರಿಗೆ ಈ ಬುದ್ಧಿ ಹೊಸದೇನಲ್ಲ. ಎರಡಕ್ಕೂ ಕೊಡುಕೊಳ್ಳುವಿಕೆ ಇಲ್ಲ, ಒಂದೇ ತೊಡಕಿಗೆ ಎರಡು ಕಡೆ ಸಿಕ್ಕ ಪರಿಹಾರ.

ಅಲ್ಲಿಂದ ಅವರು ತಂದುಕೊಂಡ ಇನ್ನೊಂದು ಕಟ್ಟು ಲೀನೊ. ಪಕ್ಕಪಕ್ಕದ ಎರಡು ಹಾಸಿನ ಎಳೆಗಳಲ್ಲಿ ಬಲಗಡೆಯದನ್ನು ಎಡಗಡೆಯದರ ಅಡಿಯಿಂದ ದಾಟಿಸಿ ಕೋಲಿಗೆ ತೆಗೆದುಕೊಳ್ಳಬೇಕು. ಅಡ್ಡಗಲಕ್ಕೂ ಹೀಗೆ ಜೋಡಿಜೋಡಿ ಹೊರಳಿಸಿ, ಕೋಲನ್ನು ನಿಲ್ಲಿಸಿ, ಹೊಕ್ಕು ಹೊಡೆಯಬೇಕು. ಮರುಹೊಕ್ಕು ಸಾದಾ, ಅಲ್ಲಿ ಎಳೆಗಳು ತಮ್ಮ ಜಾಗಕ್ಕೆ ಮರಳುತ್ತವೆ. ಹೊರಳಿದ ಎಳೆಗಳ ನಡುವೆ ಹೊಕ್ಕು ಸಿಕ್ಕಿಕೊಳ್ಳುವುದರಿಂದ ಬಟ್ಟೆ ಜಾಲರಿಯಂತೆ ತೆರೆದಿದ್ದರೂ ಎಳೆ ಸರಿಯುವುದಿಲ್ಲ. ಆದರೆ ಹೊರಳುವಿಕೆಗೆ ಹಾಸು ಹೆಚ್ಚು ಖರ್ಚಾಗುತ್ತದೆ. ಒಂದು ಜಾಗದಲ್ಲಿ ಮಾತ್ರ ಲೀನೊ, ಪಕ್ಕದಲ್ಲಿ ಸಾದಾ ಎಂದು ನೇಯುತ್ತ ಹೋದರೆ ಲೀನೊ ಭಾಗದ ಹಾಸು ಬಿಗಿಯಾಗಿ, ಸಾದಾ ಭಾಗದ್ದು ಜೋತುಬೀಳುತ್ತದೆ. ಲೀನೊ ಜಾಗವನ್ನು ಅಲ್ಲಲ್ಲಿ ಸರಿಸುತ್ತ ಇಡೀ ಅಗಲಕ್ಕೆ ಖರ್ಚು ಹಂಚುವುದೇ ಉಪಾಯ. 1958ರ 'ಓಪನ್ ಲೆಟರ್', 'ತಿಕಾಲ್' ಎಂಬ ಅವರ ಎರಡು ನೇಯ್ಗೆಗಳ ಚಿತ್ರ ಸಿಕ್ಕಿದರೆ ದೊಡ್ಡದು ಮಾಡಿ ನೋಡಿ, ಲೀನೊ ಎಲ್ಲೆಲ್ಲಿ ಚೆದುರಿದೆ ಎಂದು.

ಒಡವೆಗಳ ಮಾತು ಬೇಗ ಮುಗಿಸುತ್ತೇನೆ. ಮೆಕ್ಸಿಕೊದ ಮೊಂಟೆ ಅಲ್ಬಾನ್ ಸಮಾಧಿಯಲ್ಲಿ ಸಿಕ್ಕ ಆಭರಣಗಳಲ್ಲಿ ಚಿನ್ನದ ಪಕ್ಕದಲ್ಲೇ ಚಿಪ್ಪು, ಸ್ಫಟಿಕ ಇದ್ದದ್ದನ್ನು ನೋಡಿ ಬಂದು, ವಿದ್ಯಾರ್ಥಿ ಅಲೆಕ್ಸ್ ರೀಡ್ ಜೊತೆ ಸಿಂಕಿನ ಜಾಲರಿ, ಪೇಪರ್ ಕ್ಲಿಪ್, ಕೂದಲ ಪಿನ್, ಸರಪಳಿ ಸೇರಿಸಿ ಹಾರಗಳನ್ನು ಮಾಡಿದರು. ಇದಕ್ಕೆ ಇವತ್ತು ಸಿಗುವ ಪ್ರಚಾರ ಸ್ವಲ್ಪ ಹೆಚ್ಚಾಯಿತೇನೋ.

1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಅವರೊಬ್ಬರದೇ ಪ್ರದರ್ಶನ ಏರ್ಪಡಿಸಿತು. ಅಲ್ಲಿ ನೇಕಾರರೊಬ್ಬರಿಗೆ ಅಂಥ ಪ್ರದರ್ಶನ ಅದೇ ಮೊದಲು. ಅದರಲ್ಲಿ ಕೋಣೆ ಬೇರ್ಪಡಿಸುವ ತೂಗುಬಟ್ಟೆಗಳಿದ್ದವು: ಸೆಣಬು, ಕುದುರೆಗೂದಲು, ಸೆಲೊಫೇನ್, ಮರದ ಪಟ್ಟಿ. ಮರದ ಪಟ್ಟಿ ಹೊಕ್ಕಿಗೆ ಹೋದರೆ ಬಟ್ಟೆ ಅಗಲಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ, ಉದ್ದಕ್ಕೆ ಸುರುಳಿಯಾಗುತ್ತದೆ. ಅದೇ ಕಾಲಕ್ಕೆ ಬೌಹೌಸ್ ಸ್ಥಾಪಕ, ವಾಸ್ತುಶಿಲ್ಪಿ ಗ್ರೋಪಿಯಸ್ ಹಾರ್ವರ್ಡ್‌ನಲ್ಲಿ ಕಟ್ಟಿದ ವಿದ್ಯಾರ್ಥಿನಿಲಯಕ್ಕೆ ಮಂಚದ ಹೊದಿಕೆ, ತೆರೆಗಳನ್ನು ಮಾಡಿಕೊಟ್ಟರು. ನೋಲ್ ಎಂಬ ಪೀಠೋಪಕರಣ ಕಂಪನಿಗೆ ಕಾರ್ಖಾನೆಯಲ್ಲಿ ಗಜಗಟ್ಟಲೆ ನೇಯುವ ಬಟ್ಟೆಗಳ ವಿನ್ಯಾಸ ಬಹಳ ಕಾಲ ನಡೆಯಿತು. 1950ರಲ್ಲಿ ಜೋಸೆಫ್‌ಗೆ ಯೇಲ್‌ನಲ್ಲಿ ಕೆಲಸ ಸಿಕ್ಕಿ ಇಬ್ಬರೂ ನ್ಯೂ ಹೇವನ್ನಿಗೆ ಬಂದರು. ಆನಿ ಮತ್ತೆ ಕಾಲೇಜಿನ ಕಾಯಂ ಪಾಠಕ್ಕೆ ಹೋಗಲಿಲ್ಲ, ಬರವಣಿಗೆ, ಉಪನ್ಯಾಸ ಮಾತ್ರ. ಯೇಲ್‌ನಲ್ಲಿ ಜೋಸೆಫ್ ಶಿಷ್ಯೆಯಾಗಿದ್ದ ಷೀಲಾ ಹಿಕ್ಸ್ ಆನಿಯವರ ಬಳಿಗೂ ಬಂದವರು. ಮುಂದೆ ಅವರು 1966ರಲ್ಲಿ ಕೇರಳದ ಕ್ಯಾಲಿಕಟ್‌ನ ಕಾಮನ್‌ವೆಲ್ತ್ ಟ್ರಸ್ಟ್ ಮಗ್ಗಗಳಲ್ಲಿ ಕೆಲಸ ಮಾಡಿದರು. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗಳು ಕೈಬದಲಾಗಿ ಆದ ಸಂಸ್ಥೆ ಅದು, ಆ ಕಾರ್ಖಾನೆಗಳ ಮೂಲ ನಮ್ಮ ಮಂಗಳೂರು.

ಕೊನೆಯ ದೊಡ್ಡ ನೇಯ್ಗೆ 'ಸಿಕ್ಸ್ ಪ್ರೇಯರ್ಸ್'. ನ್ಯೂಯಾರ್ಕಿನ ಯಹೂದಿ ಸಂಗ್ರಹಾಲಯದ ಬೇಡಿಕೆಯ ಮೇರೆಗೆ, ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಯರ ನೆನಪಿಗೆ 1966-67ರಲ್ಲಿ ನೇಯ್ದದ್ದು. ನಿಲುವಾದ ಆರು ಕಿರಿದಾದ ಬಟ್ಟೆಗಳು, ಎತ್ತರ ಸುಮಾರು 186 ಸೆಂ.ಮೀ. ಹತ್ತಿ, ನಾರಗಸೆ (ಲಿನನ್), ಮರದ ತೊಗಟೆಯ ನಾರು, ಲುರೆಕ್ಸ್ ಎಂಬ ಲೋಹದ ಹೊಳಪಿನ ಬೆಳ್ಳಿ ಬಣ್ಣದ ಎಳೆ. ಸಾದಾ ನೆಲದ ಮೇಲೆ ಹೆಚ್ಚುವರಿ ಹೊಕ್ಕಿನ ಕಪ್ಪು, ಬಿಳಿ ಎಳೆಗಳು ಬರಹದ ಸಾಲಿನಂತೆ ಅಲೆಯುತ್ತ ಹೋಗುತ್ತವೆ, ಓದಲು ಅಕ್ಷರವಿಲ್ಲ. ಈ ಬಗೆಯ ತೇಲುವ ಎಳೆಯಲ್ಲಿ ಎಚ್ಚರ ಬೇಕಾದದ್ದು ಉದ್ದಕ್ಕೆ. ಹಾಸಿನ ಅಡಿಗೆ ಹೋಗದೆ ತುಂಬ ದೂರ ತೇಲಿದರೆ ಎಳೆ ಜೋಲುತ್ತದೆ, ಏನಕ್ಕಾದರೂ ಸಿಕ್ಕಿ ಎಳೆದುಕೊಂಡು ಬರುತ್ತದೆ. ಅಡಿಗಡಿಗೆ ಸಿಕ್ಕಿಸಿದರೆ ಗೆರೆ ಚುಕ್ಕಿಚುಕ್ಕಿಯಾಗುತ್ತದೆ. ಆನಿ ಸಿಕ್ಕಿಸುವ ಜಾಗಗಳನ್ನೇ ತಿರುವುಗಳನ್ನಾಗಿ ಮಾಡಿಕೊಂಡರು. ಎಳೆ ದಿಕ್ಕು ಬದಲಿಸುವಲ್ಲೇ ಅದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ.

ಇಷ್ಟು ಹೊತ್ತಿಗೆ ಅವರು ಅಚ್ಚುಕಲೆಗೆ ಕೈ ಹಾಕಿಯಾಗಿತ್ತು. 1963ರಲ್ಲಿ ಲಾಸ್ ಏಂಜಲೀಸಿನ ಟಮರಿಂಡ್ ಶಿಲಾಮುದ್ರಣ ಕಾರ್ಯಾಗಾರಕ್ಕೆ ಜೋಸೆಫ್ ಜೊತೆ ಹೋದಾಗ ಅಲ್ಲಿನ ಮುಖ್ಯಸ್ಥೆ ಜೂನ್ ವೇನ್ ನೀವೂ ಮಾಡಿ ನೋಡಿ ಎಂದರು. 1970ರಲ್ಲಿ ಕನೆಕ್ಟಿಕಟ್‌ನ ಆರೆಂಜ್ ಊರಿಗೆ ಹೋದಾಗ ಮಗ್ಗವನ್ನು ಬಿಟ್ಟುಕೊಟ್ಟರು. ಮೊದಲಿನಿಂದಲೂ ಅವರ ಕಾಲುಗಳಲ್ಲಿ ಬಲ ಕಡಿಮೆ, ವಯಸ್ಸಾದ ಮೇಲೆ ಮಗ್ಗದ ಕೆಲಸ ಮೈಗೆ ಭಾರ. ಅದೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಎಳೆ ತನ್ನ ಮೇಲೆ ತಾನೇ ಗಂಟಾಗಿ ಸುತ್ತುವ ರೇಖೆಯನ್ನು ಅವರು ಚಿತ್ರದಲ್ಲಿ ಬಹಳ ದಿನದಿಂದ ಹುಡುಕುತ್ತಿದ್ದರು, ಮಗ್ಗದ ಲಂಬಕೋನ ಅದಕ್ಕೆ ಒಗ್ಗುವುದಿಲ್ಲ. 1976ರಲ್ಲಿ ಜೋಸೆಫ್ ತೀರಿಕೊಂಡರು, 1994ರ ಮೇ 9ರಂದು ಆನಿ.

ಉಪನ್ಯಾಸದ ನಂತರ ಬಂದ ಪ್ರಶ್ನೆ: ಸೊಂಟಮಗ್ಗದ ಪಾಠವನ್ನು ನಮ್ಮ ಶಾಲೆಯಲ್ಲಿ ಮಾಡಿಸಬಹುದೇ, ಏನೇನು ಬೇಕು?

ಖಂಡಿತ ಮಾಡಿಸಬಹುದು. ಒಬ್ಬರಿಗೆ ಮರ್ಸರೈಸ್ ಮಾಡಿದ ಗಟ್ಟಿ ಹತ್ತಿ ದಾರ, ಕ್ರೋಶಾ ದಾರವಾದರೂ ಆದೀತು, 150 ಮೀಟರ್. ಹೆಬ್ಬೆರಳು ದಪ್ಪದ 30 ಸೆಂ.ಮೀ. ಉದ್ದದ ನಾಲ್ಕು ಬಿದಿರು ಕೋಲು, ಅಂಚು ಉಜ್ಜಿ ನುಣುಪಾಗಿಸಿದ ಒಂದು ಮರದ ಸ್ಕೇಲು, ಹಗ್ಗ, ಅಂಗೈ ಅಗಲದ ಹಳೆಯ ಬಟ್ಟೆಪಟ್ಟಿ. ಒಂದೂವರೆ ಮೀಟರ್ ದೂರದ ಎರಡು ಗೂಟಕ್ಕೆ ದಾರವನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿ 80 ಎಳೆ ಮಾಡಿ. ನಡುವೆ ಎಳೆಗಳು ದಾಟುವ ಜಾಗವನ್ನು ಗೂಟದಿಂದ ತೆಗೆಯುವ ಮುಂಚೆಯೇ ಬೇರೆ ಬಣ್ಣದ ದಾರದಿಂದ ಕಟ್ಟಿಬಿಡಿ. ಅದು ಕಳಚಿದರೆ ಯಾವ ಎಳೆಯ ಪಕ್ಕ ಯಾವುದು ಎಂಬುದೇ ಕಳೆದುಹೋಗುತ್ತದೆ, ಮತ್ತೆ ಮೊದಲಿನಿಂದ. ಎರಡು ತುದಿಗೂ ಕೋಲು. ಒಂದನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಬಟ್ಟೆಪಟ್ಟಿಯಿಂದ ಸೊಂಟದ ಕೆಳಗೆ, ಕುಂಡೆಯ ಮೂಳೆಗೆ ಆನಿಸಿ ಕಟ್ಟಿ. ನಡುವಿಗೆ ಕಟ್ಟಿದರೆ ಸ್ವಲ್ಪ ಹೊತ್ತಿಗೇ ಬೆನ್ನು ನೋಯುತ್ತದೆ.

ಮೂರನೇ ಕೋಲು ಬೆಸ ಎಳೆಗಳ ಅಡಿಗೆ. ನಾಲ್ಕನೆಯದಕ್ಕೆ ಸಮ ಎಳೆಗಳನ್ನು ದಾರದ ಕುಣಿಕೆಯಿಂದ ಒಂದೊಂದಾಗಿ ಕಟ್ಟಬೇಕು. ಹೊಸಬರ ಕೆಲಸ ಕೆಡುವುದು ಇಲ್ಲಿಯೇ: ಕುಣಿಕೆಗಳ ಉದ್ದ ಹೆಚ್ಚುಕಡಿಮೆಯಾದರೆ ಕೋಲು ಎತ್ತಿದಾಗ ಕೆಲವು ಎಳೆ ಮೇಲೇಳದೆ ಉಳಿದು ಬಟ್ಟೆಯಲ್ಲಿ ಉದ್ದಕ್ಕೆ ಗೆರೆ ಬೀಳುತ್ತದೆ. ಮಡಚಿದ ರಟ್ಟಿನ ತುಂಡೊಂದನ್ನು ಅಳತೆಗೆ ಇಟ್ಟುಕೊಂಡು ಎಲ್ಲವನ್ನೂ ಅದರ ಮೇಲೇ ಸುತ್ತಿ. ಕುಣಿಕೆ ಎತ್ತುವಾಗ ಮುಂದಕ್ಕೆ ಬಾಗಿ, ಎಳೆಗಳು ಅಂಟಿಕೊಂಡರೆ ಬೆರಳಿನಿಂದ ಮೀಟಿ, ಎಳೆಗಳ ನಡುವೆ ಬಾಯಿ ತೆರೆದ ಮೇಲೆ ಸ್ಕೇಲು ತೂರಿಸಿ ನಿಲ್ಲಿಸಿ, ಹೊಕ್ಕು ಹಾಕಿ, ಸ್ಕೇಲಿನಿಂದಲೇ ಬಡಿದು ಕೂರಿಸಿ. ಹಣಿಗೆ ಇಲ್ಲದ್ದರಿಂದ ಎಳೆಗಳು ಒತ್ತಿಕೊಂಡು ಬಟ್ಟೆ 5 ಸೆಂ.ಮೀ. ಆಸುಪಾಸಿನ ಪಟ್ಟಿಯಾಗುತ್ತದೆ. ಅಗಲ ಬರುಬರುತ್ತ ಕಿರಿದಾಗುತ್ತಿದ್ದರೆ ಹೊಕ್ಕನ್ನು ಜಗ್ಗುತ್ತಿದ್ದಾರೆ ಎಂದರ್ಥ. ಬದಿಯಲ್ಲಿ ಬಿಗಿಯದೆ ಸ್ವಲ್ಪ ಓರೆಯಾಗಿ ಬಿಟ್ಟು ಆಮೇಲೆ ಬಡಿಯಲು ಹೇಳಿ. ದಾರ ನವಿರೆದ್ದು ಕಚ್ಚಿಕೊಳ್ಳುತ್ತಿದ್ದರೆ ತೆಳು ಅಕ್ಕಿಗಂಜಿ ಸವರಿ ಒಣಗಿಸಿ ಮುಂದುವರಿಸಿ.

ಬಣ್ಣದ ದಾರ ಮೊದಲ ದಿನ ಕೊಡಬೇಡಿ. ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಸೆಣಬಿನ ಎಳೆ, ಬಾಳೆನಾರು, ಹುರಿಕಟ್ಟಿದ ಕಾಗದ ಕೊಟ್ಟು ಹೊಕ್ಕಿಗೆ ಹಾಕಿಸಿ ನೋಡಿ.